ಬಿಸಿಯೂಟದ ನಂತರದ ಆ ಒಂದು ಮಾತ್ರೆ

ಗೆ,
ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಹಾಗೂ ರಾಜ್ಯದ ಎಲ್ಲ ಶಾಲೆಗಳ ಮುಖ್ಯೋಪಾಧ್ಯಾಯರಿಗೆ

ವಿಷಯ: ಎಡಿಎಚ್‌ಡಿ ಇರುವ ಮಕ್ಕಳಿಗೆ ಶಾಲೆಯ ಅವಧಿಯಲ್ಲಿ ಔಷಧ ಕೊಡುವ ಬಗ್ಗೆ ಒಂದು ಪುಟದ ಸುತ್ತೋಲೆ ಕೋರಿ.

ಮಾನ್ಯರೇ,

ಮೀಥೈಲ್‌ಫೆನಿಡೇಟ್ ಎಡಿಎಚ್‌ಡಿ ಎಂಬ ಗಮನದ ತೊಂದರೆ ಇರುವ ಮಕ್ಕಳಿಗೆ ಗಡಿಯಾರ ನೋಡಿ ಕೊಡಬೇಕಾದ ಔಷಧ. ಅದರ ಸಾದಾ ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಮೂರ್ನಾಲ್ಕು ಗಂಟೆಗೆ ಮುಗಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ತಿನ್ನಿಸಿ ಕೊಟ್ಟ ಮಾತ್ರೆಯ ಪರಿಣಾಮ ಮಧ್ಯಾಹ್ನ ಒಂದರ ಹೊತ್ತಿಗೆ ಇಳಿದಿರುತ್ತದೆ. ಶಾಲೆ ಬಿಡುವುದು ನಾಲ್ಕರ ಮೇಲೆ. ನಡುವೆ ಉಳಿದ ಮೂರು ಗಂಟೆಗೆ ಇನ್ನೊಂದು ಮಾತ್ರೆ ಬೇಕು, ಕೆಲವು ಮಕ್ಕಳಿಗೆ ಅರ್ಧ ಮಾತ್ರೆ ಸಾಕು. ಬಿಸಿಯೂಟ ಮುಗಿದ ಮೇಲೆ ಅದನ್ನು ಯಾರು ಕೊಡಬೇಕು, ಎಲ್ಲಿ ಇಡಬೇಕು, ಎಲ್ಲಿ ಬರೆದಿಡಬೇಕು ಎಂದು ಕೇಳಿದರೆ ನಾವು ಕಂಡ ಶಾಲೆಗಳಲ್ಲಿ ಹೆಚ್ಚಿನವು ಸುಮ್ಮನಾಗುತ್ತವೆ. ಈ ಪತ್ರ ಮುಖ್ಯವಾಗಿ ಆ ಒಂದು ಮಾತ್ರೆಯ ಬಗ್ಗೆ.

ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮೊದಲೇ ಕೈ ಬಾಯಿ ಮುಂದಾಗುವುದು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ತಾಯಿ ಮುದ್ದು ಮಾಡಿದ್ದರಿಂದಲೋ ಮೇಷ್ಟ್ರು ಹೊಡೆಯದೆ ಬಿಟ್ಟಿದ್ದರಿಂದಲೋ ಬರುವಂಥದ್ದಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಉಳಿದಿರಬೇಕು, ಮನೆ ಶಾಲೆ ಎರಡೂ ಕಡೆ ಇರಬೇಕು. ಆಗಷ್ಟೇ ವೈದ್ಯರು ಆ ಹೆಸರು ಕೊಡುತ್ತಾರೆ. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇರುತ್ತದೆ ಎಂಬ ಅಂದಾಜಿದೆ. ಹಾಗೆ ನೋಡಿದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು. ಹಿಂದಿನ ಬೆಂಚಿನಲ್ಲಿ ಗಲಾಟೆಯಿಲ್ಲದೆ ಕಿಟಕಿ ನೋಡುತ್ತ ಕೂತ ಹುಡುಗಿಗೂ ಇದೇ ಇರಬಹುದು. ಅವಳು ಯಾರಿಗೂ ತೊಂದರೆ ಕೊಡುವುದಿಲ್ಲ, ಅದಕ್ಕೇ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ. ಆರು ವರ್ಷದೊಳಗಿನವರಿಗೆ ಮೊದಲು ತಂದೆತಾಯಿಗೆ ತರಬೇತಿ, ದಿನಚರಿಯ ಬದಲಾವಣೆ. ಆದರೆ ಬೇಕಾದ ಮಗುವಿಗೆ ಅದು ಹೊತ್ತಿಗೆ ಸರಿಯಾಗಿ ಸಿಗಬೇಕು. ಶಾಲೆಯಲ್ಲಿ ವ್ಯವಸ್ಥೆ ಇಲ್ಲದಿದ್ದಾಗ ಆಗುವುದು ಮೂರರಲ್ಲಿ ಒಂದು. ಅಮ್ಮ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಜಾಮಿಟ್ರಿ ಬಾಕ್ಸಿನಲ್ಲಿ ಇಡುತ್ತಾಳೆ. ಮರೆವೇ ಕಾಯಿಲೆಯಾಗಿರುವ ಮಗು ಅದನ್ನು ಮರೆಯುತ್ತದೆ, ಇಲ್ಲವೇ ಪಕ್ಕದವನಿಗೆ ಕೊಡುತ್ತದೆ. ಅಥವಾ ಕೂಲಿಗೆ ಹೋಗುವ ಅಮ್ಮ ದಿನಾ ಮಧ್ಯಾಹ್ನ ಕೆಲಸ ಬಿಟ್ಟು ಶಾಲೆಯ ಗೇಟಿಗೆ ಬರಬೇಕಾಗುತ್ತದೆ. ಇವೆರಡೂ ಆಗದಿದ್ದರೆ ಮಾತ್ರೆಯೇ ನಿಲ್ಲುತ್ತದೆ. ಆಮೇಲೆ ‘ಬೆಳಿಗ್ಗೆ ಚೆನ್ನಾಗಿರ್ತಾನೆ, ಮಧ್ಯಾಹ್ನ ಬೇಕಂತಲೇ ಹೀಗೆ ಮಾಡ್ತಾನೆ’ ಎಂಬ ಮಾತು ಶುರುವಾಗುತ್ತದೆ. ಅವನು ಬೇಕಂತಲೇ ಏನೂ ಮಾಡುತ್ತಿಲ್ಲ. ಅವನ ಔಷಧ ಇಳಿದುಹೋಗಿದೆ.

ದಿನಕ್ಕೊಮ್ಮೆ ನುಂಗುವ ದೀರ್ಘಾವಧಿಯ ಮಾತ್ರೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 18, 36 ಮಿಲಿಗ್ರಾಂನಲ್ಲಿ ಬರುತ್ತದೆ, ಹತ್ತು ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಆದರೆ ಬೆಲೆ ಹೆಚ್ಚು, ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ, ಮತ್ತು ಇಡಿಯಾಗಿಯೇ ನುಂಗಬೇಕು. ಅಜ್ಜಿ ಪ್ರೀತಿಯಿಂದ ಅದನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟರೆ ಇಡೀ ದಿನದ ಔಷಧ ಒಟ್ಟಿಗೇ ಮೈಗೆ ಸೇರುತ್ತದೆ. ಜತೆಗೆ ಕೆಲವು ಮಕ್ಕಳ ಹಸಿವನ್ನು ಅದು ಸಂಜೆಯವರೆಗೂ ಕಟ್ಟಿಹಾಕುತ್ತದೆ. ಹೀಗಾಗಿ ಸಾದಾ ಮಾತ್ರೆ, ಅದರ ಮಧ್ಯಾಹ್ನದ ಡೋಸ್, ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಬಹಳ ಕಾಲ ಇರುತ್ತವೆ.

ಸುತ್ತೋಲೆಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಪೋಷಕರು ವೈದ್ಯರ ಚೀಟಿಯ ಜೆರಾಕ್ಸ್ ಮತ್ತು ಒಪ್ಪಿಗೆ ಪತ್ರ ಕೊಡುತ್ತಾರೆ. ಸೋಮವಾರ ಬೆಳಿಗ್ಗೆ ಆ ವಾರಕ್ಕೆ ಬೇಕಾದಷ್ಟೇ ಮಾತ್ರೆ ತಂದು ಎದುರಿಗೇ ಎಣಿಸಿಕೊಡುತ್ತಾರೆ. ಅರ್ಧ ಮಾಡಬೇಕಿದ್ದರೆ ಮನೆಯಲ್ಲೇ ಮಾತ್ರೆ ಕತ್ತರಿಸುವ ಡಬ್ಬಿಯಲ್ಲಿ ಮಾಡಿ ತರಬೇಕು. ಶಾಲೆಯಲ್ಲಿ ಬ್ಲೇಡಿನಿಂದ ಕತ್ತರಿಸಲು ಹೋದರೆ ಒಂದು ತುಂಡು ದೊಡ್ಡದು, ಒಂದು ಪುಡಿ. ಮಗುವಿನ ಹೆಸರು, ತರಗತಿ, ಔಷಧದ ಹೆಸರು, ಎಷ್ಟು ಎಂಬುದನ್ನು ಬರೆದ ಡಬ್ಬಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿ ಇರಬೇಕು. ಕೊಡುವ ಹೊಣೆ ಒಬ್ಬ ಶಿಕ್ಷಕರದು. ಅವರು ರಜೆ ಇದ್ದಾಗ ಯಾರು ಎಂಬುದೂ ಮೊದಲೇ ಗೊತ್ತಿರಬೇಕು. ಇಡೀ ವ್ಯವಸ್ಥೆ ಕುಸಿಯುವುದು ಸಾಮಾನ್ಯವಾಗಿ ಈ ಎರಡನೇ ಹೆಸರು ಇಲ್ಲದ ಕಡೆ.

ಮಗು ಊಟ ಮುಗಿಸಿ ಬಂದ ಮೇಲೆ, ಎಲ್ಲರೆದುರು ಹೆಸರು ಕೂಗದೆ, ಸ್ಟಾಫ್ ರೂಮಿನಲ್ಲಿ ನೀರಿನ ಜತೆ ನುಂಗಿಸಬೇಕು. ನಾಲಿಗೆಯಡಿ ಉಳಿದಿದೆಯೇ ಎಂದು ಒಮ್ಮೆ ನೋಡಬೇಕು. ನೋಟ್‌ಬುಕ್ಕಿನಲ್ಲಿ ತಾರೀಕು, ಸಮಯ, ಎಷ್ಟು ಕೊಟ್ಟಿದ್ದು, ಎಷ್ಟು ಉಳಿದಿದ್ದು, ಸಹಿ. ಎರಡು ನಿಮಿಷದ ಕೆಲಸ. ಮರೆತು ಮಧ್ಯಾಹ್ನದ ಮೂರು ಗಂಟೆ ದಾಟಿದರೆ, ವೈದ್ಯರು ಬೇರೆ ಹೇಳಿರದಿದ್ದಲ್ಲಿ, ಆ ದಿನ ಬಿಟ್ಟುಬಿಡುವುದೇ ಸರಿ. ತಡವಾಗಿ ಕೊಟ್ಟ ಮಾತ್ರೆ ರಾತ್ರಿಯ ನಿದ್ದೆ ಕೆಡಿಸುತ್ತದೆ. ಮರುದಿನ ಎರಡು ಸೇರಿಸಿ ಕೊಡುವುದಂತೂ ಕೂಡದು. ಶನಿವಾರ ಬೆಳಗಿನ ಶಾಲೆ. ಅವತ್ತು ಮೊದಲ ಮಾತ್ರೆ ಏಳೂಕಾಲಕ್ಕೇ ಆಗಿರಬೇಕು, ಶಾಲೆಯಲ್ಲಿ ಕೊಡುವುದು ಏನೂ ಇರುವುದಿಲ್ಲ. ಇದನ್ನು ಸುತ್ತೋಲೆಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಹನ್ನೊಂದಕ್ಕೆ ಯಾರೋ ಬೀರು ತೆಗೆದು ಕೊಟ್ಟಿರುತ್ತಾರೆ.

ಶಿಕ್ಷಕರ ಭಯ ನಮಗೆ ಅರ್ಥವಾಗುತ್ತದೆ. ಡಬ್ಬಿಯ ಮೇಲೆ ಕೆಂಪಕ್ಷರದ ಎಚ್ಚರಿಕೆ, ಅಂತರ್ಜಾಲದಲ್ಲಿ ಹುಡುಕಿದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಹೆಸರು. ಮೀಥೈಲ್‌ಫೆನಿಡೇಟ್ ಆ ಕಾಯ್ದೆಯ ಪಟ್ಟಿಯಲ್ಲಿದೆ, ನಿಜ. ಆದರೆ ಅದೇ ಕಾಯ್ದೆಯಡಿಯ ನಿಯಮಗಳು ರೋಗಿಯೊಬ್ಬರು ವೈದ್ಯರ ಚೀಟಿಯ ಮೇಲೆ ಸ್ವಂತ ಚಿಕಿತ್ಸೆಗೆ ಒಮ್ಮೆಗೆ 100 ಡೋಸ್‌ವರೆಗೆ, ದೀರ್ಘಕಾಲದ ಚಿಕಿತ್ಸೆ ಎಂದು ವೈದ್ಯರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ ಇಟ್ಟುಕೊಳ್ಳಲು ಅವಕಾಶ ಕೊಡುತ್ತವೆ. ನಾವು ಕೇಳುತ್ತಿರುವುದು ವಾರಕ್ಕೆ ಐದು ಮಾತ್ರೆ. ಪೋಷಕರ ಲಿಖಿತ ಒಪ್ಪಿಗೆ ಮತ್ತು ಚೀಟಿಯ ಪ್ರಕಾರ ಮಾತ್ರೆ ಕೊಟ್ಟ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಎಂಬ ಒಂದು ಸಾಲು ನಿಮ್ಮ ಸಹಿಯಡಿ ಬಂದರೆ ಅರ್ಧ ಭಯ ಹೋಗುತ್ತದೆ. ವೈದ್ಯರ ನಿಗಾದಲ್ಲಿ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮಗು ಇದಕ್ಕೆ ದಾಸನಾಗುವುದಿಲ್ಲ. ಬೀಗ ಮತ್ತು ಲೆಕ್ಕ ಬೇಕಿರುವುದು ಮಾತ್ರೆ ಬೇರೆಯವರ ಕೈಗೆ ಹೋಗದಿರಲಿ ಎಂದು.

ಶಿಕ್ಷಕರಿಂದ ಇನ್ನೊಂದು ಬೇಕು, ಅದು ಮಾತ್ರೆ ಕೊಡುವುದಕ್ಕಿಂತ ದೊಡ್ಡದು. ಔಷಧ ಕೆಲಸ ಮಾಡುವ ಹೊತ್ತಿನಲ್ಲಿ ಮಗು ಇರುವುದು ಶಾಲೆಯಲ್ಲಿ. ಮನೆಯವರು ನೋಡುವುದು ಏಳುವ ಹೊತ್ತನ್ನು, ಮತ್ತೆ ಔಷಧ ಇಳಿಯುವ ಸಂಜೆಯನ್ನು. ವೈದ್ಯರು ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕಿಷ್ಟು ಎಂದು ಏರಿಸುತ್ತಾ ಹೋಗುತ್ತಾರೆ. ಪರಿಣಾಮ ಕಂಡವರ ಮಾತು ಅವರಿಗೆ ತಲುಪದಿದ್ದರೆ ಏರಿಸುವುದೂ ಇಳಿಸುವುದೂ ಕತ್ತಲೆಯಲ್ಲಿ. ಆ ನಾಲ್ಕೈದು ವಾರ ತರಗತಿ ಶಿಕ್ಷಕರು ಶುಕ್ರವಾರ ಮೂರು ಸಾಲು ಬರೆದುಕೊಟ್ಟರೆ ಸಾಕು: ಕೊಟ್ಟ ಕೆಲಸ ಎಷ್ಟು ಮುಗಿಸಿದ, ಮಧ್ಯಾಹ್ನ ಊಟ ಹೇಗಿತ್ತು, ಮಂಕಾಗಿದ್ದನೇ. ಮೂರನೆಯದನ್ನು ವಿಶೇಷವಾಗಿ ಕೇಳುತ್ತಿದ್ದೇವೆ. ಮಗು ಗೊಂಬೆಯ ಹಾಗೆ ಕೂತರೆ ‘ಔಷಧ ಚೆನ್ನಾಗಿ ಹಿಡಿದಿದೆ’ ಎಂದು ಸಂತೋಷಪಡುವವರಿದ್ದಾರೆ. ಅದು ಪ್ರಮಾಣ ಹೆಚ್ಚಾಗಿರುವ ಲಕ್ಷಣ. ಸರಿಯಾದ ಪ್ರಮಾಣದಲ್ಲಿ ಮಗು ನಗುತ್ತದೆ, ಜಗಳವಾಡುತ್ತದೆ, ತುಂಟತನವನ್ನೂ ಮಾಡುತ್ತದೆ. ಶುರು ಮಾಡಿದ ಲೆಕ್ಕವನ್ನು ಮುಗಿಸಿಯೂ ಮುಗಿಸುತ್ತದೆ.

ಹಸಿವಿನ ಬಗ್ಗೆ ಬಿಸಿಯೂಟದ ಅಡುಗೆಯವರಿಗೂ ಒಂದು ಮಾತು ತಿಳಿದಿರಬೇಕು. ಈ ಔಷಧದಿಂದ ಹೆಚ್ಚು ಕಾಣುವ ತೊಂದರೆ ಎಂದರೆ ಹಸಿವು ಇಂಗುವುದು, ಅದೂ ಮಧ್ಯಾಹ್ನ. ತಟ್ಟೆಯಲ್ಲಿ ಬಿಟ್ಟ ಅನ್ನಕ್ಕಾಗಿ ಮಗುವನ್ನು ಬೈದು ಪ್ರಯೋಜನವಿಲ್ಲ. ಅನ್ನ ಕಮ್ಮಿ ಹಾಕಿ, ಮೊಟ್ಟೆಯನ್ನೋ ಬಾಳೆಹಣ್ಣನ್ನೋ ಮೊದಲು ತಿನ್ನಿಸಿ, ಬೆಳಗಿನ ಹಾಲು ತಪ್ಪದಂತೆ ನೋಡಿಕೊಂಡರೆ ಒಳ್ಳೆಯದು. ಉಳಿದದ್ದು ಮನೆಯವರ ಪಾಲು. ಮೊದಲು ತಿಂಡಿ, ಆಮೇಲೆ ಮಾತ್ರೆ. ಈ ಕ್ರಮ ತಿರುಗಿದರೆ ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆ. ಸಂಜೆ ಔಷಧ ಇಳಿದಾಗ ಹಸಿವು ಒಮ್ಮೆಲೇ ಬರುತ್ತದೆ, ಆ ಹೊತ್ತಿಗೆ ಕುರುಕಲು ಪೊಟ್ಟಣದ ಬದಲು ಹುರಿಹಿಟ್ಟು, ಶೇಂಗಾ ಉಂಡೆ, ತುಪ್ಪ ಹಾಕಿದ ದೋಸೆ ಕೈಗೆ ಸಿಗುವಂತಿರಲಿ. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ಕೇಳಿದರೆ ಕೊಡಿ.

ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ಬರೆದಿಡಬೇಕು. ನಾಡಿ ಮತ್ತು ರಕ್ತದೊತ್ತಡವನ್ನು ಔಷಧ ಶುರು ಮಾಡುವ ಮೊದಲು, ಪ್ರಮಾಣ ಬದಲಾದಾಗಲೆಲ್ಲ, ಆಮೇಲೆ ಆರು ತಿಂಗಳಿಗೊಮ್ಮೆ ನೋಡಬೇಕು. ಇದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವ ಕೆಲಸ, ಒಂದು ಕೊರತೆಯನ್ನು ಬಿಟ್ಟರೆ: ಮಕ್ಕಳ ಅಳತೆಯ ತೋಳುಪಟ್ಟಿ. ದೊಡ್ಡವರ ಪಟ್ಟಿಯನ್ನು ಎಂಟು ವರ್ಷದ ತೋಳಿಗೆ ಸುತ್ತಿದರೆ ರಕ್ತದೊತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಏರಿದ್ದು ಗೊತ್ತೇ ಆಗುವುದಿಲ್ಲ. ಪ್ರತಿ ಕೇಂದ್ರಕ್ಕೂ ಒಂದು ಚಿಕ್ಕ ಪಟ್ಟಿ ಕೊಡಿಸಿ ಎಂದು ಆರೋಗ್ಯ ಇಲಾಖೆಯನ್ನು ಕೇಳುತ್ತೇವೆ. ಓಡುವಾಗ ತಲೆಸುತ್ತಿ ಬಿದ್ದ ಮಗು, ಹೃದ್ರೋಗ ಇರುವ ಮಗು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡ ಚರಿತ್ರೆ ಇದ್ದರೆ ಇಸಿಜಿ, ಹೃದಯ ತಜ್ಞರ ಮಾತು ಮೊದಲು. ನೆಗಡಿಗೆ ಅಂಗಡಿಯಿಂದ ಸಿರಪ್ ತರುವಾಗಲೂ ಈ ಮಾತ್ರೆಯ ಹೆಸರು ಹೇಳಬೇಕು. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಔಷಧಗಳು ಇದರ ಜತೆ ಸೇರಿ ಎದೆಬಡಿತ ಏರಿಸುತ್ತವೆ.

ಎಲ್ಲರಿಗೂ ಇದೇ ಔಷಧವಲ್ಲ. ಎಡಿಎಚ್‌ಡಿಗೇ ಕೊಡುವ ಇನ್ನೊಂದು ಔಷಧ ಅಟೊಮೊಕ್ಸೆಟಿನ್. ಅದು ದಿನಾ ಕೊಡಬೇಕಾದದ್ದು, ಶನಿವಾರ ಭಾನುವಾರವೂ ಸೇರಿ. ತೂಕ ನೋಡಿ ಪ್ರಮಾಣ: ಕಿಲೋಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಶುರು, ಆಮೇಲೆ ಕಿಲೋಗೆ 1.2ರ ಆಸುಪಾಸು. 25 ಕಿಲೋ ಮಗುವಿಗೆ 30 ಮಿಲಿಗ್ರಾಂ ಹತ್ತಿರ. ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರಕ್ಕೇ ‘ಏನೂ ಪ್ರಯೋಜನ ಇಲ್ಲ’ ಎಂದು ನಿಲ್ಲಿಸುವುದೇ ಇದರಲ್ಲಿ ಆಗುವ ದೊಡ್ಡ ತಪ್ಪು. ಕ್ಯಾಪ್ಸೂಲ್ ಬಿಚ್ಚಬಾರದು, ಒಳಗಿನ ಪುಡಿ ಕಣ್ಣಿಗೆ ಉರಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮಗು ಸಾಯುವ ಮಾತಾಡಿದರೆ ಅವತ್ತೇ ವೈದ್ಯರ ಬಳಿ ಹೋಗಬೇಕು. ಇದಕ್ಕೇ ಕೊಡುವ ಮತ್ತೊಂದು ಔಷಧವಾದ ಕ್ಲೊನಿಡಿನ್ ತೆಗೆದುಕೊಳ್ಳುವ ಮಕ್ಕಳಿಗೆ ಒಂದೇ ಎಚ್ಚರಿಕೆ: ಊರಿಗೆ ಹೋದಾಗ ಖಾಲಿಯಾಯಿತೆಂದು ತಟ್ಟನೆ ನಿಲ್ಲಿಸಬಾರದು, ರಕ್ತದೊತ್ತಡ ಏರಿಬಿಡುತ್ತದೆ.

ಇನ್ನು ಔಷಧದ ಅಂಗಡಿ. ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮಗಳಿರುವ ಪಟ್ಟಿಯದು. ಮಾರಲು ಫಾರ್ಮ್ 20-ಎಫ್ ಎಂಬ ಪ್ರತ್ಯೇಕ ಪರವಾನಗಿ ಬೇಕು, ಬೀಗದ ಕಪಾಟು ಬೇಕು, ಲೆಕ್ಕದ ಪುಸ್ತಕ ಬೇಕು. ತಿಂಗಳಿಗೆ ನಾಲ್ಕೈದು ಗಿರಾಕಿಗಳಿಗೋಸ್ಕರ ಸಣ್ಣ ಊರಿನ ಮೆಡಿಕಲ್ ಶಾಪಿನವರು ಇಷ್ಟಕ್ಕೆ ಕೈಹಾಕುವುದಿಲ್ಲ, ಅವರನ್ನು ದೂರುವಂತಿಲ್ಲ. ರಾಜ್ಯದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಚೀಟಿ ಬರೆಯುತ್ತಾರೆ. ಮಾತ್ರೆಗೆ ಮಾತ್ರ ಬೆಂಗಳೂರಿಗೋ ಧಾರವಾಡಕ್ಕೋ ಬಸ್ಸು ಹತ್ತಬೇಕು. ದೂರವಾಣಿ ವೈದ್ಯಕೀಯದ 2020ರ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಔಷಧಗಳನ್ನು ಫೋನ್, ವಿಡಿಯೋ ಮೂಲಕ ಬರೆಯುವಂತಿಲ್ಲ ಎನ್ನುತ್ತದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ಈ ಮಾತ್ರೆಯ ಚೀಟಿ ಸಿಗುವುದಿಲ್ಲ. ಆದ್ದರಿಂದ ಪ್ರತಿ ಜಿಲ್ಲಾಸ್ಪತ್ರೆಯ ಆವರಣದ ಒಂದು ಔಷಧ ಮಳಿಗೆಗಾದರೂ ಫಾರ್ಮ್ 20-ಎಫ್ ಕೊಡಿಸಿ, 10 ಮಿಲಿಗ್ರಾಂನ ಸಾದಾ ಮಾತ್ರೆ ಸದಾ ಇರುವಂತೆ ನೋಡಿಕೊಳ್ಳಿ.

ಚೀಟಿ ಬರೆಯುವ ವೈದ್ಯರಲ್ಲೂ ಒಂದು ಕೋರಿಕೆ. ಶೆಡ್ಯೂಲ್ ಎಕ್ಸ್ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಒಂದೇ ಪ್ರತಿ ಹಿಡಿದು ಬಂದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ‘ದಿನಕ್ಕೆರಡು’ ಎಂದಷ್ಟೇ ಬರೆದರೆ ಸಾಲದು, ಒಟ್ಟು 60 ಮಾತ್ರೆ ಎಂದು ಸಂಖ್ಯೆ ಇರಬೇಕು. ಮತ್ತೆ ಮತ್ತೆ ಕೊಡಬಹುದು ಎಂದು ಬರೆಯದ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ದಸರಾ ರಜೆ, ಬೇಸಿಗೆ ರಜೆಯ ಮುಂಚಿನ ವಾರ ಇದನ್ನು ಇನ್ನಷ್ಟು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಮಾತ್ರೆ ಗಮನವನ್ನು ಹಿಡಿದು ಕೊಡುತ್ತದೆ, ಅಭ್ಯಾಸವನ್ನು ಕಲಿಸುವುದಿಲ್ಲ. ಅಭ್ಯಾಸಕ್ಕೆ ದಿನಚರಿಯೇ ಬೇಕು. ಬೆಳಿಗ್ಗೆ ಎಂಟೂವರೆ: ಒಂದು ಕಾಲಿಗೆ ಸಾಕ್ಸ್ ಹಾಕಿದೆ, ಇನ್ನೊಂದು ಸಾಕ್ಸ್ ಕೈಯಲ್ಲಿದೆ, ಮಗು ಕಿಟಕಿಯಾಚೆಯ ಅಳಿಲನ್ನು ನೋಡುತ್ತಾ ನಿಂತಿದೆ. ಒಳಗಿನಿಂದ ‘ಶೂ ಹಾಕ್ಕೊಂಡು, ಬ್ಯಾಗಿಗೆ ಡಬ್ಬಿ ಇಟ್ಕೊಂಡು, ನೀರು ತುಂಬ್ಕೊಂಡು ಬಾ’ ಎಂಬ ಕೂಗು. ಮೂರು ಕೆಲಸದಲ್ಲಿ ಅದರ ತಲೆಯಲ್ಲಿ ಉಳಿಯುವುದು ಒಂದು, ಅದೂ ಕೊನೆಯದು. ಹತ್ತಿರ ಹೋಗಿ, ಹೆಗಲು ಮುಟ್ಟಿ, ಕಣ್ಣಿಗೆ ಕಣ್ಣು ಕೊಟ್ಟು ‘ಈಗ ಸಾಕ್ಸ್’ ಎಂದಷ್ಟೇ ಹೇಳಬೇಕು. ಅದು ಮುಗಿದ ಮೇಲೆ ಮುಂದಿನದು. ಬಚ್ಚಲ ಬಾಗಿಲಿಗೆ, ಶೂ ಸ್ಟ್ಯಾಂಡಿನ ಮೇಲೆ ಚಿತ್ರದ ಪಟ್ಟಿ ಅಂಟಿಸಿ: ಹಲ್ಲು, ಸ್ನಾನ, ಬಟ್ಟೆ, ತಿಂಡಿ, ಮಾತ್ರೆ, ಶೂ. ಆರಕ್ಕಿಂತ ಹೆಚ್ಚು ಚಿತ್ರ ಬೇಡ. ಬ್ಯಾಗು, ಯೂನಿಫಾರ್ಮ್ ರಾತ್ರಿಯೇ ಬಾಗಿಲ ಬಳಿ ಇರಲಿ. ಮಾಡಿದ ತಕ್ಷಣ ಹೊಗಳಿ, ಏನು ಮಾಡಿದ್ದಕ್ಕೆ ಎಂದು ಹೆಸರಿಟ್ಟು ಹೊಗಳಿ. ‘ಜಾಣ ಮರಿ’ ಎಂಬುದಕ್ಕಿಂತ ‘ಹೇಳಿದ ಒಂದೇ ಸಲಕ್ಕೆ ಶೂ ಹಾಕ್ಕೊಂಡೆ’ ಎಂಬುದು ಈ ಮಗುವಿಗೆ ತಲುಪುತ್ತದೆ. ಭಾನುವಾರ ಕೊಡುವ ಬಹುಮಾನ ಸೋಮವಾರ ಅದಕ್ಕೆ ಕಾಣುವುದೇ ಇಲ್ಲ.

ಹೋಮ್‌ವರ್ಕ್ ಹೊತ್ತನ್ನು ಮಾತ್ರೆ ನೋಡಿ ಇಡಿ. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಕೊಟ್ಟದ್ದು ಐದೂವರೆವರೆಗೆ ಇರುತ್ತದೆ. ಶಾಲೆಯಿಂದ ಬಂದು ತಿಂದ ಕೂಡಲೇ ಹದಿನೈದು ನಿಮಿಷ ಬರಹ, ಐದು ನಿಮಿಷ ಓಡಾಟ, ಮತ್ತೆ ಹದಿನೈದು. ಆಮೇಲೆ ಆಟ. ರೂಢಿಯಂತೆ ದೀಪ ಹಚ್ಚಿದ ಮೇಲೆ ಏಳಕ್ಕೆ ಕೂರಿಸಿದರೆ ಮಗುವಿಗೂ ಮನೆಯವರಿಗೂ ಜಗಳವೇ ಉಳಿಯುವುದು. ಔಷಧ ಇಳಿಯುವ ಅರ್ಧ ಗಂಟೆ ಕೆಲವು ಮಕ್ಕಳು ಸುಮ್ಮಸುಮ್ಮನೆ ಅಳುತ್ತಾರೆ, ಸಿಡುಕುತ್ತಾರೆ; ಆಗ ಬುದ್ಧಿ ಹೇಳಬೇಡಿ. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬಂದ್.

ತರಗತಿಯಲ್ಲಿ ಬೇಕಾದದ್ದಕ್ಕೆ ದುಡ್ಡು ಖರ್ಚಿಲ್ಲ. ಮುಂದಿನ ಬೆಂಚು, ಕಿಟಕಿ ಬಾಗಿಲಿನಿಂದ ದೂರ. ಹತ್ತು ಲೆಕ್ಕದ ಬದಲು ಐದು, ಎರಡು ಕಂತಿನಲ್ಲಿ. ನಡುವೆ ಬೋರ್ಡ್ ಒರೆಸಲು, ಹಾಜರಿ ಪುಸ್ತಕ ಕೊಟ್ಟುಬರಲು ಕಳಿಸುವುದು. ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆ ಈ ಮಗುವಿಗೆ ಖಂಡಿತ ಬೇಡ. ಓಡಿಬಂದರೆ ಅದು ಕೂರುತ್ತದೆ; ಓಡದಿದ್ದರೆ ಕೂರಲಾರದು. ಹೊಡೆತ, ಮೊಣಕಾಲೂರಿಸುವುದು, ‘ಹುಚ್ಚು’ ಎಂದು ಕರೆಯುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ಕಲಿಕಾ ನ್ಯೂನತೆಯೋ ಆಟಿಸಮ್ಮೋ ಜತೆಗಿದ್ದರೆ ಅಂಗವಿಕಲರ ಗುರುತಿನ ಕಾರ್ಡ್ ಸಿಗಬಹುದು, ಬರೀ ಎಡಿಎಚ್‌ಡಿಗೆ ಸಿಗುವುದಿಲ್ಲ. ‘ಕಾರ್ಡ್ ತನ್ನಿ, ಆಮೇಲೆ ನೋಡೋಣ’ ಎಂದರೆ ಈ ಮಕ್ಕಳು ಹೊರಗೇ ಉಳಿಯುತ್ತಾರೆ. ಮುಂದಿನ ಬೆಂಚಿಗೆ, ಮಧ್ಯಾಹ್ನದ ಮಾತ್ರೆಗೆ ವೈದ್ಯರ ಚೀಟಿ ಸಾಕು, ಕಾರ್ಡ್ ಬೇಕಿಲ್ಲ ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಬೇಕು.

ಕೊನೆಯದಾಗಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಈಗಾಗಲೇ ಇದೆ. ವರ್ಷಕ್ಕೊಮ್ಮೆ ತಂಡ ಶಾಲೆಗೆ ಬರುತ್ತದೆ. ಆದರೆ ಹೊಸ ಡಾಕ್ಟರ ಎದುರು, ಕುತ್ತಿಗೆಯ ಸ್ಟೆತಸ್ಕೋಪ್ ನೋಡುತ್ತಾ, ಈ ಮಗು ಮೂರು ನಿಮಿಷ ಗಟ್ಟಿಯಾಗಿ ಕೂತುಬಿಡುತ್ತದೆ. ತಂಡ ಬರುವ ಹದಿನೈದು ದಿನ ಮೊದಲೇ ತರಗತಿ ಶಿಕ್ಷಕರಿಗೆ ಒಂದು ಪುಟದ ಪ್ರಶ್ನಾವಳಿ ಕಳಿಸಿದರೆ ಯಾರನ್ನು ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವಾಗುವ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು ಎಂಬುದು ಅಂದೇ ಗೊತ್ತಾಗುತ್ತದೆ.

ಸುತ್ತೋಲೆಯ ಕರಡು, ಒಪ್ಪಿಗೆ ಪತ್ರ, ಮಾತ್ರೆ ಲೆಕ್ಕದ ಪುಸ್ತಕದ ಮಾದರಿ ಪುಟ, ಶುಕ್ರವಾರದ ಮೂರು ಸಾಲಿನ ಚೀಟಿ, ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಡಲು ನಾವು ಸಿದ್ಧ. ಶಾಲೆಗಳು ಜೂನ್ ಹೊತ್ತಿಗೆ ತೆರೆಯುತ್ತವೆ. ಅದಕ್ಕೆ ಮೊದಲು ಮುಖ್ಯೋಪಾಧ್ಯಾಯರ ಕೈಗೆ ನಿಮ್ಮ ಒಂದು ಪುಟ ತಲುಪಬೇಕು ಎಂಬುದು ನಮ್ಮ ಕೋರಿಕೆ.

ಇಂತಿ,
ಎಡಿಎಚ್‌ಡಿ ಇರುವ ಮಕ್ಕಳ ಪೋಷಕರು, ವಿಶೇಷ ಶಿಕ್ಷಕರು ಮತ್ತು ಮಕ್ಕಳ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರು